ಗೋಡೆ ನೋಡುವ ಕೆಲಸ

ನನ್ನ ತಮ್ಮನ ಕೈಗೆ ಸಿಕ್ಕಿಯೂ ತೆರೆಯದೆ ಉಳಿದ ಬೀಗ ಈ ಊರಲ್ಲಿ ಹೆಚ್ಚಿಲ್ಲ. ತಿಜೋರಿ, ಬೀರು, ಕಾರಿನ ಬಾಗಿಲು, ಒಳಗಿನಿಂದ ಚಿಲಕ ಬಿದ್ದ ಬಚ್ಚಲುಮನೆ, ಗಂಡನ ಮೇಲೆ ಮುನಿಸಿಕೊಂಡ ಹೆಂಡತಿಯೊಬ್ಬಳು ಕೀಲಿಯನ್ನು ಚರಂಡಿಗೆ ಎಸೆದುಬಿಟ್ಟಿದ್ದ ಸೂಟ್‌ಕೇಸು, ಎಲ್ಲವನ್ನೂ ತೆರೆದಿದ್ದಾನೆ. ಬಾಟಲಿಯನ್ನೂ ಅಷ್ಟೇ ಸಲೀಸಾಗಿ ತೆರೆಯುತ್ತಿದ್ದ. ಮತ್ತೆ ಮುಚ್ಚಿಡುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ನಮ್ಮದು ಬೀಗದ ಅಂಗಡಿ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು, ಅಷ್ಟು ದೊಡ್ಡದು. ಗೋಡೆ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು. ಕೀಲಿ ಕೊರೆಯುವ ಯಂತ್ರದ ಮುಂದೆ ಕೂರುವುದು ನಾನು. ಮನೆಮನೆಗೆ ಹೋಗಿ ಬೀಗ ತೆರೆದು ಬರುವುದು ತಮ್ಮ. ಚಿಕ್ಕವನಿದ್ದಾಗ ಜೋರಾಗಿ ಗಾಳಿ ಬಂದರೆ ಹಾರಿಹೋಗುವ ಹಾಗಿದ್ದ, ಸಾಲದ್ದಕ್ಕೆ ಕಿಸೆಯಲ್ಲಿ ಯಾವಾಗಲೂ ಒಂದು ತಂತಿ ಇಟ್ಟುಕೊಂಡಿರುತ್ತಿದ್ದ. ಹಾಗಾಗಿ ಎಲ್ಲರೂ ಅವನನ್ನು ಕರೆಯುವುದು ಕಡ್ಡಿ ಎಂದೇ. ಈಗ ಹೊಟ್ಟೆ ಬಂದಿದೆ, ಹೆಸರು ಹೋಗಿಲ್ಲ.

ಅಂಗಡಿ ಅಪ್ಪನದು. ಅಂಗಡಿಯ ಜೊತೆಗೆ ಅಪ್ಪ ನಮಗೊಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದಾರೆ. ಯಾರದೇ ಬೀಗ ತೆರೆಯಲಿ, ಬಾಗಿಲನ್ನು ಒಂದು ಬೆರಳು ತೂರುವಷ್ಟು ಮಾತ್ರ ಸಡಿಲಿಸಿ, ಆ ಕ್ಷಣವೇ ತಿರುಗಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಳಗಿರುವುದನ್ನು ಮಾಲೀಕರು ನೋಡಿಕೊಂಡು, ತಮ್ಮ ಬಾಯಿಂದ ‘ಆಯ್ತು’ ಎನ್ನುವ ತನಕ ಈ ಕಡೆ ತಿರುಗುವ ಹಾಗಿಲ್ಲ. “ನಮ್ಮನ್ನ ಕರೆಸೋದು ತೆಗೆಯೋಕೆ, ಇಣುಕೋಕಲ್ಲ” ಎನ್ನುತ್ತಿದ್ದರು ಅಪ್ಪ. ಊರಿನ ಅರ್ಧ ಶ್ರೀಮಂತರ ಮನೆಗೆ ಹೋಗಿ ಬಂದ ಮನುಷ್ಯನಿಗೆ ಗೊತ್ತಿದ್ದದ್ದು ಅವರ ಗೋಡೆಗಳು ಮಾತ್ರ. “ಆ ವಕೀಲರ ಮನೆ ಹೇಗಿದೆ?” ಎಂದು ಅಮ್ಮ ಆಸೆಯಿಂದ ಕೇಳಿದರೆ, “ಹಸಿರು ಬಣ್ಣ, ಮೂಲೇಲಿ ತೇವ ಹಿಡಿದಿದೆ” ಎನ್ನುತ್ತಿದ್ದರು.

ಒಮ್ಮೆ ಒಬ್ಬ ಮಾಲೀಕರು ಬೀರುವಿನಲ್ಲಿ ಎಂದೋ ಕಳೆದುಹೋದ ಉಂಗುರ ಸಿಕ್ಕ ಖುಷಿಗೆ ಎಲ್ಲ ಮರೆತು ಊಟಕ್ಕೆ ಕೂತುಬಿಟ್ಟರಂತೆ. ಅಪ್ಪ ಸಂಜೆಯವರೆಗೆ ಗೋಡೆ ನೋಡುತ್ತ ನಿಂತಿದ್ದರು. “ತಲೆ ಕೆಟ್ಟಿದೆಯಾ ನಿಮಗೆ? ಒಂದು ಸಲ ಕೆಮ್ಮಬಾರದಿತ್ತಾ?” ಎಂದು ಅಮ್ಮ ರೇಗಿದಳು. “ಕೆಮ್ಮಿದೆ ಕಣೆ. ನೀರು ತಂದುಕೊಟ್ಟರು. ಆಯ್ತು ಅನ್ನಲಿಲ್ಲ” ಎಂದರು ಅಪ್ಪ. ಇಂಥ ಮನುಷ್ಯನ ಮಗ ಕಡ್ಡಿ.

ಅವನು ಕುಡಿಯಲು ಶುರು ಮಾಡಿದ್ದು ಕೈ ಹದಕ್ಕೆ ಬರಲಿ ಎಂದು. ಒಂದು ಗುಟುಕು ಬಿದ್ದರೆ ಬೆರಳು ನಡುಗುವುದಿಲ್ಲ, ತಂತಿ ತಾನಾಗಿ ಮಾತಾಡುತ್ತದೆ ಎಂದು ಹೇಳುತ್ತಿದ್ದ. ಆಮೇಲೆ ತಂತಿ ಸುಮ್ಮನಾಯಿತು, ಇವನೇ ಮಾತಾಡತೊಡಗಿದ. ಬೆನ್ನುನೋವಿಗೆಂದು ಯಾರೋ ಬರೆದುಕೊಟ್ಟ ಮಾತ್ರೆಗಳು ಬೆನ್ನು ವಾಸಿಯಾದ ಮೇಲೂ ನಿಲ್ಲಲಿಲ್ಲ. ಅವನ್ನು ಕಡಲೆಕಾಯಿಯ ಹಾಗೆ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ಬಾಟಲಿ, ಸಂಜೆ ಎರಡೂ. ನಡುವೆ ಅಳು, ಆಣೆ, ನನ್ನ ಕಾಲು ಹಿಡಿಯುವುದು, ಕಾಲು ಹಿಡಿದವನು ಅಲ್ಲೇ ನಿದ್ದೆ ಹೋಗುವುದು.

ಬೇರೆ ಮನೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾವು ಓಡಿದ್ದು ಬೀಗದ ಸಗಟು ವ್ಯಾಪಾರಿಯ ಹತ್ತಿರ. ನಗಬೇಡಿ, ನಮಗೆ ಗೊತ್ತಿದ್ದ ಔಷಧಿ ಅದೊಂದೇ. ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದೆ. ಔಷಧಿ ಡಬ್ಬಿಗೆ ಬೀಗ ಹಾಕಿದೆ. ನನ್ನ ಗಂಡನ ಗಡ್ಡಕ್ಕೆ ಹಚ್ಚುವ ಲೋಷನ್ನಿಗೂ ಪ್ರತ್ಯೇಕ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದೆ. ಇವರು ಡ್ರೈವಿಂಗ್ ಸ್ಕೂಲ್ ನಡೆಸುವವರು, ಸ್ವಭಾವತಃ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕುವ ಪ್ರಾಣಿ. “ಬೆಳಿಗ್ಗೆ ಗಡ್ಡ ಮಾಡ್ಕೊಳ್ಳೋಕೆ ನಿನ್ನ ಅಪ್ಪಣೆ ಬೇಕೇನೆ?” ಎಂದು ಕೇಳಿದರು. ಬೇಕು ಎಂದೆ.

ಕಡ್ಡಿ ಎಲ್ಲವನ್ನೂ ತೆರೆದ. ತೆರೆದು, ಬೇಕಾದದ್ದು ತೆಗೆದುಕೊಂಡು, ಮರ್ಯಾದೆಯಿಂದ ಮತ್ತೆ ಬೀಗ ಹಾಕಿಡುತ್ತಿದ್ದ. ಒಮ್ಮೆ ಅವನನ್ನೇ ಕೋಣೆಯಲ್ಲಿ ಕೂಡಿಹಾಕಿ ಎರಡು ಬೀಗ ಜಡಿದೆ. ನಾನು ಟೀ ಮುಗಿಸುವಷ್ಟರಲ್ಲಿ ಎದುರಿಗೆ ಬಂದು ನಿಂತಿದ್ದ. “ಅಕ್ಕಾ, ಕೆಳಗಿನ ಬೀಗದ ಸ್ಪ್ರಿಂಗ್ ಸಡಿಲ ಆಗಿದೆ. ಗಿರಾಕಿಗಳಿಗೆ ಅದನ್ನ ಕೊಡಬೇಡ, ಅಂಗಡಿ ಹೆಸರು ಕೆಡುತ್ತೆ” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮಾರನೆಯ ದಿನ ಆ ಬೀಗವನ್ನು ವಾಪಸ್ ಕಳಿಸಿದೆ, ಏಕೆಂದರೆ ಅವನು ಹೇಳಿದ್ದು ನಿಜವಾಗಿತ್ತು.

ಹೀಗೆ ಬೀಗದಾಟ ಆಡುತ್ತಿರುವಾಗಲೇ ಪಿಯಾನೋ ಟೀಚರಮ್ಮನ ಫೋನು ಬಂತು. ಒಂಟಿ ಮುದುಕಿ, ಬೀರುವಿನ ಕೀಲಿ ಕಳೆದುಕೊಂಡಿದ್ದರು, ಕಡ್ಡಿ ತೆರೆಯಲು ಹೋಗಿದ್ದ. ಆ ಬೀರುವಿನಲ್ಲಿ ತೀರಿಕೊಂಡ ಗಂಡನ ಬಟ್ಟೆ, ಅವರು ಅರ್ಧ ಕುಡಿದಿಟ್ಟಿದ್ದ ಒಂದು ಬಾಟಲಿ, ಕೊನೆಯ ಕಾಯಿಲೆಯಲ್ಲಿ ಅವರಿಗೆ ಕೊಡುತ್ತಿದ್ದ ನೋವಿನ ಮಾತ್ರೆಗಳು, ಎಲ್ಲ ಇದ್ದ ಹಾಗೇ ಇದ್ದವಂತೆ. ಟೀಚರಮ್ಮ ಇವನಿಗೆಂದು ಟೀ ಮಾಡಲು ಒಳಗೆ ಹೋಗಿದ್ದರು.

“ನಿಮ್ಮ ತಮ್ಮ ನಮ್ಮ ಸೋಫಾ ಮೇಲೆ ಮಲಗಿದಾರೆ” ಎಂದರು ಫೋನಿನಲ್ಲಿ, ಪಾಠ ಹೇಳುವಷ್ಟು ಮೆತ್ತಗೆ. “ಹೊದಿಕೆ ಹೊದಿಸಿದೀನಿ. ಆದರೆ ಉಸಿರು ತುಂಬ ನಿಧಾನ ಬರ್ತಿದೆಯಮ್ಮ, ತಾಳ ತಪ್ತಿದೆ. ಬೇಗ ಬನ್ನಿ.”

ಆಸ್ಪತ್ರೆಯಲ್ಲಿ ಅವನ ಮೂಗಿಗೆ, ಕೈಗೆ ನಳಿಕೆ ಹಾಕಿದರು. ಕುಡಿತದ ಮೇಲೆ ಆ ಮಾತ್ರೆ ನುಂಗಿದರೆ ಉಸಿರೇ ನಿಂತುಹೋಗುತ್ತದೆ, ಈ ಸಲ ಮುದುಕಮ್ಮ ಟೀ ಬೇಗ ಮಾಡಿದ್ದಕ್ಕೆ ಉಳಿದ, ಮುಂದಿನ ಸಲ ಉಳಿಯುವುದಿಲ್ಲ ಎಂದು ಅಲ್ಲಿನ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಕಣ್ಣು ಬಿಟ್ಟ ಕಡ್ಡಿ ಮೊದಲು ಕೇಳಿದ್ದು ನೀರನ್ನಲ್ಲ, ನನ್ನ ಕ್ಷಮೆಯನ್ನೂ ಅಲ್ಲ.

“ಅಕ್ಕಾ, ನಾನು ತಿರುಗಲಿಲ್ಲ” ಎಂದ. “ಬಾಗಿಲು ಸಡಿಲ ಆಯ್ತು. ಗೋಡೆ ಕಡೆ ತಿರುಗಬೇಕಿತ್ತು. ತಿರುಗೋಕೆ ಆಗಲೇ ಇಲ್ಲ.” ಆಮೇಲೆ, “ನನ್ನನ್ನ ಎಲ್ಲಾದ್ರೂ ಸೇರಿಸು. ಮನೇಲಿ ಆಗಲ್ಲ” ಎಂದ. ಅಷ್ಟು ವರ್ಷದ ಆಣೆ ಪ್ರಮಾಣಗಳಲ್ಲಿ ಒಂದನ್ನೂ ನಾನು ನಂಬಿರಲಿಲ್ಲ. ಈ ಮಾತನ್ನು ನಂಬಿದೆ, ಏಕೆಂದರೆ ಅದರಲ್ಲಿ ಆಣೆ ಇರಲಿಲ್ಲ.

ಚಿಕಿತ್ಸಾ ಕೇಂದ್ರ ಹುಡುಕುವುದೆಂದರೆ ಮಗಳಿಗೆ ಗಂಡು ಹುಡುಕುವುದಕ್ಕಿಂತ ಕಷ್ಟ. ಎಲ್ಲರೂ ತಮ್ಮದನ್ನು ಹೊಗಳುತ್ತಾರೆ. ಒಂದು ಕಡೆ ಈಜುಕೊಳದ ಚಿತ್ರ ತೋರಿಸಿದರು, ಡಾಕ್ಟರು ಯಾರೆಂದು ಕೇಳಿದರೆ ಬಾಲ್ಕನಿ ಇರುವ ಕೋಣೆ ಬೇಕೇ ಎಂದರು. ಇನ್ನೊಂದು ಕಡೆಯವನು, “ಬಿಟ್ಟು ಹೋಗಿ ಮೇಡಂ, ನಾಲ್ಕು ಬಿಟ್ಟರೆ ಎಲ್ಲ ಇಳಿಯುತ್ತೆ” ಎಂದ. ನಾಲ್ಕು ಬಿಡುವುದಾದರೆ ನನಗೇ ಬರುತ್ತದೆ, ಅದಕ್ಕೆ ಕೇಂದ್ರ ಯಾಕೆ ಎಂದು ಫೋನು ಕುಕ್ಕಿದೆ. ಸಂಬಂಧಿಕರು ಬಿಟ್ಟಿ ಸಲಹೆಗೆ ಸಾಲುಗಟ್ಟಿದರು. ಚಿಕ್ಕಪ್ಪನ ಪ್ರಕಾರ ಮದುವೆ ಮಾಡಿದರೆ ಸರಿಹೋಗುತ್ತಾನೆ. ಚಿಕ್ಕಪ್ಪನಿಗೆ ಮದುವೆಯಾಗಿ ಬಹಳ ವರ್ಷವಾಗಿದೆ, ಕುಡಿತ ಇನ್ನೂ ಸರಿಹೋಗಿಲ್ಲ.

ಕೊನೆಗೆ ಸಿಕ್ಕಿದ್ದು ಬಸ್ಸು ತಿರುಗುವ ಕೊನೆಯ ನಿಲ್ದಾಣದಲ್ಲಿ, ಟಯರ್ ರಿಪೇರಿ ಅಂಗಡಿಯ ಪಕ್ಕದ ಒಂದು ಹಳೆಯ ಹಾಸ್ಟೆಲು. ಡಾಕ್ಟರು ಕುಳ್ಳಗಿನ ಹೆಂಗಸು, ಕಿವಿಯ ಹಿಂದೆ ಪೆನ್ಸಿಲು. ಬಡಿವಾರ ಇಲ್ಲ. ಕಡ್ಡಿಯನ್ನು ಕೂರಿಸಿಕೊಂಡು ಏನು, ಎಷ್ಟು, ಯಾವಾಗಿನಿಂದ ಎಂದು ಕೇಳಿದರು. ಅವನು ಹೇಳಿದ್ದನ್ನು ನಾನು ಎರಡರಿಂದ ಗುಣಿಸಿ ತಿದ್ದಿದೆ.

“ನೋಡಿ, ಇದ್ದಕ್ಕಿದ್ದ ಹಾಗೆ ಮನೇಲೇ ನಿಲ್ಲಿಸೋದು ಅಪಾಯ” ಎಂದರು ಡಾಕ್ಟರು. “ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ಮೊದಲು ಔಷಧಿ ಕೊಟ್ಟು ಮೈ ಹದಕ್ಕೆ ತರ್ತೀವಿ. ಆಮೇಲೆ ಮಾತು, ಅದು ಔಷಧಿಗಿಂತ ಕಹಿ.”

“ಗೇಟಿಗೆ ಬೀಗ ಕಾಣಲಿಲ್ಲವಲ್ಲ ಡಾಕ್ಟ್ರೇ?” ಎಂದೆ. ಬಂದ ಕೂಡಲೇ ನಾನು ನೋಡಿದ್ದು ಅದನ್ನೇ.

“ಇಲ್ಲ. ಹೋಗ್ತೀನಿ ಅನ್ನೋರು ಹೋಗಬಹುದು.”

ಬೀಗವಿಲ್ಲದ ಗೇಟಿನ ಹಿಂದೆ ನನ್ನ ತಮ್ಮನನ್ನು ಬಿಟ್ಟುಹೋಗುವುದೇ? ಡಾಕ್ಟರು ನನ್ನ ಮುಖ ನೋಡಿ, ಪಕ್ಕದ ನರ್ಸ್ ಕೋಣೆಯ ಔಷಧಿ ಬೀರುವನ್ನು ತೋರಿಸಿದರು. “ಇಡೀ ಕಟ್ಟಡದಲ್ಲಿ ಬೀಗ ಇರೋದು ಇದೊಂದಕ್ಕೇ. ಇದನ್ನ ಮುಟ್ಟಿದವರು ಅದೇ ದಿನ ಮನೆಗೆ. ಮತ್ತೆ ಸೇರಿಸಿಕೊಳ್ಳಲ್ಲ. ಹೊರಗೆ ಕಾಯ್ತಿರೋರು ತುಂಬ ಜನ ಇದಾರೆ.”

ಬೀರುವಿಗೆ ನೇತಾಡುತ್ತಿದ್ದ ಬೀಗ ನೋಡಿ ನನಗೂ ಕಡ್ಡಿಗೂ ಒಟ್ಟಿಗೆ ಕೆಮ್ಮು ಬಂತು. ಶಾಲೆಯ ಮಕ್ಕಳ ಡಬ್ಬಿಗೆ ಹಾಕುವಂಥದ್ದು. ಎದುರು ನಿಂತು ಜೋರಾಗಿ ಸೀನಿದರೆ ತೆರೆದುಕೊಳ್ಳುತ್ತಿತ್ತು.

ಅವನನ್ನು ಅಲ್ಲಿ ಸೇರಿಸಿ ಬಂದ ಮೇಲೆ ಒಂದು ವಾರ ನಾನು ಯಂತ್ರದ ಮುಂದೆ ಕೂತು ಕೀಲಿ ಕೊರೆಯುವ ಬದಲು ಯೋಚನೆ ಕೊರೆದೆ. ಗಿರಾಕಿಯೊಬ್ಬರಿಗೆ ಮನೆ ಕೀಲಿಯ ಬದಲು ಇನ್ಯಾರದೋ ಗ್ಯಾರೇಜಿನ ಕೀಲಿ ಮಾಡಿಕೊಟ್ಟೆ. ಅವನು ಆ ಬೀರು ಮುಟ್ಟುತ್ತಾನೆ, ಹೊರಗೆ ಹಾಕುತ್ತಾರೆ, ಇನ್ನೊಂದು ಸೋಫಾ, ಇನ್ನೊಂದು ಫೋನು, ಆಗ ಯಾರೂ ಟೀ ಬೇಗ ಮಾಡಿರುವುದಿಲ್ಲ. ಇದೇ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಅಂಗಡಿಯ ಮೂಲೆಯಿಂದ ಅಪ್ಪನ ಬೀಗ ಇಳಿಸಿದೆ.

ಅದು ಅಪ್ಪ ತಾನೇ ಕೂತು ಅರ ಹಿಡಿದು ಮಾಡಿದ ಬೀಗ. ಮಾರಾಟಕ್ಕಲ್ಲ, ಗತ್ತಿಗೆ. ಕೀಲಿಯನ್ನು ಬಲಕ್ಕೆ ಪೂರ್ತಿ ತಿರುಗಿಸಬೇಕು, ಅರ್ಧ ಸುತ್ತು ಹಿಂದಕ್ಕೆ ಬರಬೇಕು, ಮತ್ತೆ ಬಲಕ್ಕೆ. ಈ ಗುಟ್ಟು ತಿಳಿಯದೆ ಬಲ ಹಾಕಿದರೆ ಕೀಲಿಯೇ ಮುರಿಯುತ್ತದೆ. ಗುಟ್ಟು ಗೊತ್ತಿದ್ದೂ, ಹರೆಯದಲ್ಲಿ ಕಡ್ಡಿ ಕೀಲಿಯಿಲ್ಲದೆ ಒಂದು ಇಡೀ ಬೇಸಿಗೆ ಬರೀ ತಂತಿ ಹಿಡಿದು ಅದರ ಮುಂದೆ ತಪಸ್ಸು ಮಾಡಿ ಸೋತಿದ್ದ. ಅವನ ಕೈಯಲ್ಲಿ ತೆರೆಯದೆ ಉಳಿದದ್ದು ಅದೊಂದೇ.

ಬೀಗವನ್ನು ಕೇಂದ್ರಕ್ಕೆ ‘ಕಾಣಿಕೆ’ ಎಂದು ಕೊಟ್ಟೆ. ಹಿರಿಯ ನರ್ಸಮ್ಮ ಸಂತೋಷಪಟ್ಟರು. ತಿರುಗಿಸುವ ರೀತಿಯನ್ನು ಅವರಿಗೆ ಮೂರು ಸಲ ಮಾಡಿಸಿ ತೋರಿಸಿದೆ. ಒಂದು ಕೀಲಿ ಅವರಿಗೆ ಕೊಟ್ಟು ಇನ್ನೊಂದನ್ನು ನನ್ನ ಗೊಂಚಲಿಗೇ ಸೇರಿಸಿಕೊಂಡೆ. ಹಳೆಯ ಪುಟ್ಟ ಬೀಗವನ್ನು ಅವರು ಡ್ರಾಯರಿಗೆ ಎಸೆದರು.

ಅವತ್ತು ಭೇಟಿಯ ದಿನವೂ ಆಗಿತ್ತು. ಕಡ್ಡಿ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬೋಳಿಸಿದ್ದ, ಕೆನ್ನೆಯಲ್ಲಿ ರಕ್ತ ಕಾಣುತ್ತಿತ್ತು. ಆದರೆ ಟೀ ಲೋಟ ಎತ್ತಿದರೆ ಅರ್ಧ ಟೀ ಅಂಗಿಗೆ.

“ಕೈ ಇನ್ನೂ ಹೀಗೇ ಕಣಕ್ಕಾ” ಎಂದ. “ಡಾಕ್ಟ್ರು ನಿಲ್ಲುತ್ತೆ ಅಂತಾರೆ. ಆ ಡಾಕ್ಟ್ರು ದಿನಾ ಸಂಜೆ ನಮ್ಮನ್ನ ಸುತ್ತ ಕೂರಿಸಿ ನಿಜ ಹೇಳಿ ಅಂತಾರೆ. ನಿನ್ನೆ ಒಬ್ಬ ಬಂದ, ಬ್ಯಾಂಡ್‌ನಲ್ಲಿ ತುತ್ತೂರಿ ಊದೋನು. ನಾನು ಯಾವತ್ತೂ ಹೆಚ್ಚು ಕುಡಿದಿಲ್ಲ ಅಂದ. ಎಲ್ಲರೂ ಚಪ್ಪಾಳೆ ತಟ್ಟಿಬಿಟ್ವಿ.” ನಕ್ಕ. ಆಮೇಲೆ ನನ್ನ ಚೀಲದ ಕಡೆ, ನರ್ಸ್ ಕೋಣೆಯ ತೆರೆದ ಬಾಗಿಲಲ್ಲಿ ಕಾಣುತ್ತಿದ್ದ ಬೀರುವಿನ ಕಡೆ ನೋಡಿದ. ನಗು ಇಳಿಯಿತು.

“ಅಪ್ಪನ ಬೀಗ ತಂದು ಹಾಕಿದೀಯ.”

“ಸುಮ್ಮನೆ ಮೂಲೇಲಿ ತುಕ್ಕು ಹಿಡೀತಿತ್ತು. ಇಲ್ಲಾದ್ರೂ ಉಪಯೋಗಕ್ಕೆ ಬರಲಿ ಅಂತ...”

“ನನಗೆ ಹೇಳ್ಬೇಡ.” ಲೋಟವನ್ನು ಬೆಂಚಿನ ಮೇಲಿಟ್ಟ. “ಆ ಹಳೇ ಬೀಗ ಇತ್ತಲ್ಲ, ಅದರ ಮುಂದೆ ಒಂದು ವಾರ ಓಡಾಡಿದೀನಿ ಅಕ್ಕಾ. ಮೈಯೆಲ್ಲ ಇರುವೆ ಹರಿದ ಹಾಗೆ ಆಗ್ತಿತ್ತು. ಬಾಯಿಂದ ಊದಿದ್ರೆ ತೆರೆದುಕೊಳ್ಳೋದು ಅದು. ಮುಟ್ಟಲಿಲ್ಲ. ನನ್ನ ಜೀವನದಲ್ಲಿ ಮೊದಲನೇ ಸಲ ಒಂದು ಬೀಗ ಮುಟ್ಟದೇ ಇದ್ದೆ, ಅದನ್ನೂ ಬಿಚ್ಚಿ ಎಸೆದುಬಿಟ್ಟೆಯಲ್ಲ ನೀನು.”

ನಾನು ನಂಬಲಿಲ್ಲ. ಕುಡುಕರ ಮಾತು ಕೇಳಿ ಕೇಳಿ ನನ್ನ ಕಿವಿಗೇ ಅಮಲೇರಿತ್ತು. “ಆಯ್ತಪ್ಪ, ನೀನು ಮಹಾತ್ಮ. ಟೀ ಕುಡಿ” ಎಂದೆ. ಅವನು ಕುಡಿಯಲಿಲ್ಲ. ಎದ್ದು ಒಳಗೆ ಹೋದ. ಬಸ್ಸಿನಲ್ಲಿ ಬರುವಾಗ, ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ, ಜೀವವಾದರೂ ಉಳಿಯುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯ ಫೋನು ಬಡಿದುಕೊಂಡಿತು. ಯಾರೋ ಹೊಸ ಹುಡುಗಿಯ ದನಿ, ಅಳು ಗಂಟಲಲ್ಲೇ ಇತ್ತು. ಹಿರಿಯ ನರ್ಸಮ್ಮನಿಗೆ ರಜೆ, ಇವಳು ಅವರ ಬದಲಿಗೆ ಬಂದವಳು. ಡಾಕ್ಟರು ಪೇಟೆಗೆ ಹೋಗಿದ್ದಾರೆ. ತುತ್ತೂರಿಯವನಿಗೆ ಫಿಟ್ಸ್ ಬಂದಿದೆ, ಒಂದು ನಿಂತರೆ ಇನ್ನೊಂದು. ಇಂಜೆಕ್ಷನ್ ಬೀರುವಿನೊಳಗಿದೆ. “ಆ ದೊಡ್ಡ ಬೀಗ ತಿರುಗಲೇ ಇಲ್ಲ ಮೇಡಂ, ಸ್ವಲ್ಪ ಜೋರಾಗಿ ತಿರುಗಿಸಿದೆ. ಕೀಲಿ ಒಳಗೇ ಮುರಿದುಹೋಯ್ತು. ಬೀಗದ ಮೇಲೆ ಅಂಟಿಸಿದ್ದ ಚೀಟೀಲಿ ನಿಮ್ಮ ಅಂಗಡಿ ನಂಬರ್ ಇತ್ತು. ಆಂಬುಲೆನ್ಸ್‌ಗೆ ಹೇಳಿದೀವಿ, ದೂರದಿಂದ ಬರಬೇಕಂತೆ. ಏನು ಮಾಡಲಿ?”

ಅರ್ಧ ಸುತ್ತು ಹಿಂದಕ್ಕೆ ಎನ್ನುವುದನ್ನು ಒಬ್ಬರಿಗೆ ಮಾತ್ರ ಹೇಳಿದ್ದೆ. ನನ್ನ ಸೊಂಟದಲ್ಲಿ ಇನ್ನೊಂದು ಕೀಲಿ ನೇತಾಡುತ್ತಿತ್ತು, ಆದರೆ ಮುರಿದ ತುಂಡು ಒಳಗೆ ಕೂತಿರುವಾಗ ಅದರಿಂದ ಕಿವಿ ಕೆರೆದುಕೊಳ್ಳಬಹುದು ಅಷ್ಟೆ. ಇಕ್ಕಳ, ತಂತಿ, ಜೊತೆಗೆ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಹೊಸ ಬೀಗವೊಂದು, ಎಲ್ಲ ಚೀಲಕ್ಕೆ ಸುರಿದುಕೊಂಡು ರಸ್ತೆಗೆ ಬಿದ್ದೆ. ನನ್ನ ಗಂಡನ ಡ್ರೈವಿಂಗ್ ಸ್ಕೂಲ್ ಕಾರು ಎದುರಿಗೇ ಬರುತ್ತಿತ್ತು. ಅಡ್ಡ ನಿಂತು ಕೈ ಬೀಸಿ ಹತ್ತಿಬಿಟ್ಟೆ.

ಸ್ಟಿಯರಿಂಗ್ ಹಿಡಿದಿದ್ದವರು ಕಾರು ಕಲಿಯುತ್ತಿದ್ದ ಒಬ್ಬ ದಂತವೈದ್ಯರು, ಇವರು ಪಕ್ಕದ ಸೀಟಿನಲ್ಲಿ. ನಾನು ಹತ್ತುವಷ್ಟರಲ್ಲೇ ಹಿಂದಿನ ಗಾಡಿಗಳ ಹಾರ್ನು ಶುರುವಾಗಿತ್ತು, ಸೇತುವೆ ದಾಟುವವರೆಗೆ ಗಾಡಿ ನಿಲ್ಲಿಸಿ ಸೀಟು ಬದಲಿಸಲು ಆ ರಸ್ತೆಯಲ್ಲಿ ಜಾಗವಿರಲಿಲ್ಲ. ಆ ಪುಣ್ಯಾತ್ಮರು ಖಾಲಿ ತಿರುವಿಗೂ ದೀಪ ಹಾಕಿ, ಎರಡೂ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ಆಮೇಲೆ ತಿರುಗಿಸುತ್ತಿದ್ದರು.

“ಸ್ವಲ್ಪ ಬೇಗ ಹೋಗ್ರೀ, ಜೀವದ ಪ್ರಶ್ನೆ!” ಎಂದು ಕಿರುಚಿದೆ.

“ಗಾಬರಿಯಾಗಬೇಡಿ, ನೋವಾಗಲ್ಲ” ಎಂದರು ಅವರು, ಅಭ್ಯಾಸಬಲದಿಂದ. ಸೇತುವೆ ದಾಟಿದ ಮೇಲೆ ಇವರು ಅವರನ್ನು ಹಿಂದಿನ ಸೀಟಿಗೆ ತಳ್ಳಿ ತಾವೇ ಕೂತರು. ಮದುವೆಯಾದಾಗಿನಿಂದ ಮೊದಲ ಬಾರಿಗೆ ನನ್ನ ಗಂಡ ಬ್ರೇಕಿನ ಮೇಲಿಂದ ಕಾಲು ತೆಗೆದದ್ದನ್ನು ನೋಡಿದೆ.

ಕೇಂದ್ರದ ಗೇಟು ಸೇರುವ ಹೊತ್ತಿಗೆ ಆಂಬುಲೆನ್ಸ್ ಹೊರಗೆ ಹೋಗುತ್ತಿತ್ತು. ಅಲ್ಲಿದ್ದವರೆಲ್ಲ ಗುಂಪಾಗಿ ಅಂಗಳದಲ್ಲಿ ನಿಂತಿದ್ದರು, ಹೊಸ ನರ್ಸು ಆಂಬುಲೆನ್ಸಿನ ಹಿಂದೆ ಏನೋ ಹೇಳುತ್ತ ರಸ್ತೆಯವರೆಗೆ ಓಡಿದ್ದಳು. ನನಗೆ ಮೊದಲು ಸಿಕ್ಕವನು ಅಡುಗೆಯವನು. “ನಿಮ್ಮ ತಮ್ಮ ಔಷಧಿ ಬೀರು ತೆಗೆದುಬಿಟ್ಟ ಅಮ್ಮಾ” ಎಂದ.

ಮುಂದಿನದು ನಾನು ಕೇಳಲಿಲ್ಲ. ಕೇಳುವ ತಾಳ್ಮೆ ನನಗೆ ಹುಟ್ಟಿನಿಂದಲೂ ಇಲ್ಲ. ಬೀರು ತೆರೆದಿದೆ, ಕಾಯುವವರು ಯಾರೂ ಇಲ್ಲ, ಒಳಗೆ ಅವನೊಬ್ಬನೇ. ಆ ಬೀರುವಿನಲ್ಲಿ ಪಿಯಾನೋ ಟೀಚರಮ್ಮನ ಬೀರುವಿನಂಥ ಹತ್ತು ಬೀರುಗಳ ಸಾಮಾನಿದೆ. ಅವನು ನೆಲದ ಮೇಲೆ ಬಿದ್ದಿರುವ ಚಿತ್ರವೇ ಕಣ್ಣ ಮುಂದೆ ಬಂತು. ಬೈಗುಳ, ಪ್ರಾರ್ಥನೆ ಎರಡೂ ಒಟ್ಟಿಗೆ ಬಾಯಿಗೆ ಬಂದು ಸಿಕ್ಕಿಕೊಂಡವು. ಓಣಿಯುದ್ದಕ್ಕೂ ಓಡಿ ನರ್ಸ್ ಕೋಣೆಯ ಬಾಗಿಲಲ್ಲಿ ನಿಂತೆ.

ಬೀರುವಿನ ಬಾಗಿಲು ಒಂದು ಬೆರಳು ತೂರುವಷ್ಟು ತೆರೆದಿತ್ತು. ಅಪ್ಪನ ಬೀಗ ಮುರಿದ ಕೀಲಿಯ ಸಮೇತ ಮೇಜಿನ ಮೇಲಿತ್ತು. ಕಡ್ಡಿ ಬೀರುವಿಗೆ ಬೆನ್ನು ಹಾಕಿ, ಮೂಗು ತಾಗುವಷ್ಟು ಹತ್ತಿರ, ಗೋಡೆಗೆ ಮುಖ ಮಾಡಿ ನಿಂತಿದ್ದ. ಕೈಗಳನ್ನು ಎದೆಗೆ ಕಟ್ಟಿಕೊಂಡಿದ್ದ, ಆದರೂ ಹೆಗಲವರೆಗೆ ನಡುಗುತ್ತಿತ್ತು.

“ಕಡ್ಡೀ...” ಎಂದೆ.

“ಯಾರು? ಅಕ್ಕನಾ? ಎಷ್ಟು ಹೊತ್ತು ಬರೋಕೆ?” ತಿರುಗದೆಯೇ ಕೇಳಿದ. “ಭಾವ ಬ್ರೇಕ್ ಒತ್ತಿಕೊಂಡೇ ಬಂದ್ರಾ?”

“ತಿರುಗೋ ಈ ಕಡೆ.”

“ಆಗಲ್ಲ. ಯಾರೂ ಆಯ್ತು ಅನ್ನಲಿಲ್ಲ.”

ಅಪ್ಪ ಸತ್ತಾಗಲೂ ಅಳದೆ ಕಾಫಿಯ ವ್ಯವಸ್ಥೆ ನೋಡಿಕೊಂಡವಳು ನಾನು. ಬಾಗಿಲಿಗೆ ಒರಗಿ ಅಲ್ಲೇ ಅತ್ತುಬಿಟ್ಟೆ. “ಆಯ್ತು ಕಣೋ, ಆಯ್ತು. ತಿರುಗು” ಎಂದೆ.

“ನೀನು ಹೇಳಿದ್ರೆ ನಡೆಯಲ್ಲ ಅಕ್ಕಾ. ಬೀರು ನಿಂದಲ್ಲ.”

ಅಷ್ಟರಲ್ಲಿ ಹೊಸ ನರ್ಸು ಏದುಸಿರು ಬಿಡುತ್ತ ಬಂದಳು. ನನ್ನನ್ನು ನೋಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಇವನೇ ಬಂದು ನಾನು ನೋಡಲೇ ಎಂದು ಕೇಳಿದನಂತೆ. ಬೀರು ಮುಟ್ಟಿದರೆ ನಿಮ್ಮನ್ನು ಮನೆಗೆ ಕಳಿಸಿಬಿಡುತ್ತಾರೆ ಎಂದು ಇವಳು ಹೇಳಿದ್ದಕ್ಕೆ, “ಕಳಿಸಲಿ ಬಿಡಿ, ಅವನು ಹೋಗಿಬಿಟ್ರೆ ತುತ್ತೂರಿ ಯಾರು ಊದ್ತಾರೆ?” ಎಂದನಂತೆ. ಅವನ ಕೈಗೆ ಸಿಕ್ಕ ಸಲಕರಣೆ ಅವಳ ಹೇರ್‌ಪಿನ್ನು, ಒಂದು ಹಳೇ ಕೊಡೆಯ ಕಡ್ಡಿ. ಕೈ ನಿಲ್ಲಲಿಲ್ಲವೆಂದು ಅಡುಗೆಯವನಿಗೆ ತನ್ನ ಮಣಿಕಟ್ಟು ಹಿಡಿದುಕೊಳ್ಳಲು ಹೇಳಿದನಂತೆ. ಒಳಗೆ ಸಿಕ್ಕಿದ್ದ ತುಂಡನ್ನು ಹೊರಗೆ ತೆಗೆಯುವ ಗೋಜಿಗೇ ಹೋಗದೆ, ಅದನ್ನೇ ಕೀಲಿ ಮಾಡಿಕೊಂಡು ಒತ್ತಿ ತಿರುಗಿಸಿದ. ಬಲಕ್ಕೆ, ಅರ್ಧ ಹಿಂದಕ್ಕೆ, ಮತ್ತೆ ಬಲಕ್ಕೆ.

“ಬೀಗ ಬಿಚ್ಚಿದ ತಕ್ಷಣ ಹೀಗೆ ಗೋಡೆ ಕಡೆ ತಿರುಗಿಬಿಟ್ರು ಮೇಡಂ. ನನಗೆ ಗಾಬರೀಲಿ ಇಂಜೆಕ್ಷನ್ ಯಾವ ಸಾಲಲ್ಲಿದೆ ಅಂತ ಕಾಣ್ತಾ ಇರಲಿಲ್ಲ. ಸ್ವಲ್ಪ ಹುಡುಕಿ ಅಂದೆ. ನಾನು ನೋಡಲ್ಲ ಸಿಸ್ಟರ್, ನೀವೇ ನೋಡಿ, ನಿಧಾನವಾಗಿ ನೋಡಿ, ಸಿಗುತ್ತೆ ಅಂದ್ರು. ಸಿಕ್ತು. ಕೊಟ್ಟೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ನಿಂತು ಅವರು ಕಣ್ಣು ಬಿಟ್ರು.” ಆಮೇಲೆ ನಿಂತಲ್ಲೇ ಬೀರುವಿನ ಕಡೆ ನೋಡಿದಳು, ಅವನ ಬೆನ್ನಿನ ಕಡೆ ನೋಡಿದಳು, ಬಾಯಿಗೆ ಕೈ ಹೋಯಿತು. “ಅಯ್ಯೋ, ನಾನು ಬೀರುವಿನ ಬಾಗಿಲು ತಳ್ಳಿ, ಬೀಗ ಹಾಕದೆ ಓಡಿಬಿಟ್ಟೆ. ಇವರು ಅವಾಗಿಂದ ಇಲ್ಲೇ ನಿಂತಿದಾರಾ?”

“ನೀವೀಗ ಆಯ್ತು ಅನ್ನಬೇಕಮ್ಮ” ಎಂದೆ.

“ಯಾಕೆ?”

“ಅನ್ನಿ ತಾಯಿ, ಪುಣ್ಯ ಬರುತ್ತೆ.”

“ಆಯ್ತು...” ಎಂದಳು ಆ ಹುಡುಗಿ, ನಮ್ಮ ಇಡೀ ವಂಶಕ್ಕೇ ತಲೆ ಕೆಟ್ಟಿದೆ ಎನ್ನುವಂತೆ.

ಕಡ್ಡಿ ತಿರುಗಿದ. ಹಣೆಗೆ ಗೋಡೆಯ ಸುಣ್ಣ ಮೆತ್ತಿತ್ತು. ಕಣ್ಣು ಕೆಂಪಾಗಿದ್ದವು. ಬೀರುವಿನ ಕಡೆ ಒಮ್ಮೆಯೂ ನೋಡದೆ, ಗೋಡೆ ಹಿಡಿದುಕೊಂಡು ಕುರ್ಚಿಯ ತನಕ ಬಂದು ಕೂತ. “ಬಿಳಿ ಬಣ್ಣ, ಎರಡು ಬಿರುಕು, ಒಂದು ಹಲ್ಲಿ” ಎಂದ. “ಅಪ್ಪ ಇದನ್ನೆಲ್ಲ ಹೇಗೆ ಸಹಿಸ್ಕೊಳ್ತಿದ್ರೋ, ಭಯಂಕರ ಬೋರು.” ನಾನು ಅವನ ತಲೆಗೊಂದು ಮೊಟಕಿ, ಹಾಗೇ ಆ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ. ಅವನ ನಡುಕ ನನ್ನ ಮೈಗೂ ಬಂತು.

ಡಾಕ್ಟರ ಫೋನು ಬಂತು. ನರ್ಸು ಹೂಂ ಹೂಂ ಎಂದು ಕೇಳಿಸಿಕೊಂಡು ನಮ್ಮ ಕಡೆ ತಿರುಗಿದಳು. ತುತ್ತೂರಿಯವನಿಗೆ ಅಪಾಯವಿಲ್ಲ. ಕಡ್ಡಿಯನ್ನು ಎಲ್ಲಿಗೂ ಕಳಿಸುವಂತಿಲ್ಲ, ಅವನಿಗೊಂದು ಟೀ ಕೊಡಬೇಕು, ಲೋಟ ಅರ್ಧ ಮಾತ್ರ ತುಂಬಿಸಬೇಕು. ಬೀರುವಿಗೆ ಈಗಲೇ ಬೀಗ ಆಗಬೇಕು.

“ಬೀಗ ತಂದಿದೀರಾ ಮೇಡಂ?” ಎಂದಳು ನರ್ಸು.

ನನ್ನ ಚೀಲದಲ್ಲಿ ಆ ದಪ್ಪನೆಯ ಹೊಸ ಬೀಗವಿತ್ತು. ಅದರ ಭಾರ ಹೆಗಲಿಗೆ ತಿಳಿಯುತ್ತಿತ್ತು. ಕಡ್ಡಿ ನನ್ನ ಚೀಲವನ್ನೇ ನೋಡುತ್ತಿದ್ದ. ನಾನು ಚೀಲವನ್ನು ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಗಂಡನ ಕೈಗೆ ಕೊಟ್ಟು, ಮೇಜಿನ ಡ್ರಾಯರು ಎಳೆದು, ಬ್ಯಾಂಡೇಜುಗಳ ಕೆಳಗೆ ಕೈಯಾಡಿಸಿ, ಆ ಹಳೆಯ ಪುಟ್ಟ ಬೀಗವನ್ನು ಹುಡುಕಿ ತೆಗೆದೆ. ಬೀರು ಮುಚ್ಚಿ ಅದನ್ನೇ ಹಾಕಿದೆ. ಅದರಲ್ಲೇ ಸಿಕ್ಕಿಸಿದ್ದ ಕೀಲಿಯನ್ನು ನರ್ಸಿಗೆ ಕೊಟ್ಟೆ.

“ಇಷ್ಟು ಚಿಕ್ಕದು ಸಾಕಾ?” ಎಂದಳು ಅವಳು.

“ಸಾಕು” ಎಂದೆ.

ಕಡ್ಡಿ ಅರ್ಧ ಲೋಟ ಟೀಯನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಿಗೆ ಒಂದು ಹನಿಯೂ ಬೀಳದ ಹಾಗೆ ನಿಧಾನವಾಗಿ ಕುಡಿದು ಮುಗಿಸಿದ. ಲೋಟ ಕೆಳಗಿಟ್ಟು ಬೀಗದ ಕಡೆ ನೋಡಿದ.

“ಅಕ್ಕಾ, ನಾಳೆ ಬರುವಾಗ ಎಣ್ಣೆ ತಗೊಂಡು ಬಾ” ಎಂದ. “ಪಾಪ, ತುಕ್ಕು ಹಿಡಿದಿದೆ ಅದಕ್ಕೆ.”